ಕರಾಟೆ ಆಯಿತು, ಮುಂದೇನು? ಎರಡನೇ ಸಮರ ಕಲೆ ಆರಿಸಿಕೊಳ್ಳುವವರಿಗೆ

ಬಾಕ್ಸಿಂಗ್‌ಗೆ ಸೇರಿ ಎರಡನೇ ವಾರ. ಎದುರಿಗೆ ನಿಂತ ಹುಡುಗಿ ನನಗಿಂತ ಹತ್ತು ವರ್ಷ ಚಿಕ್ಕವಳು, ಕಲಿಯಲು ಶುರು ಮಾಡಿ ಆರು ತಿಂಗಳಾಗಿತ್ತು ಅಷ್ಟೇ. ನಾನು ಬಲಗೈಯಲ್ಲಿ ನೇರವಾಗಿ ಗುದ್ದಿದೆ. ಗುದ್ದು ಸರಿಯಾಗಿಯೇ ಹೋಯಿತು. ಆದರೆ ಅದೇ ಹೊತ್ತಿಗೆ ನನ್ನ ಎಡಗೈ, ಯಾರೂ ಹೇಳದೆ ಕೇಳದೆ, ಸೊಂಟದ ಪಕ್ಕಕ್ಕೆ ಬಂದು ಕೂತಿತ್ತು. ಬಯಲಾಗಿದ್ದ ಎಡಗೆನ್ನೆಗೆ ಅವಳ ಗ್ಲೌಸ್ ಬಂದು ಬಿತ್ತು. ಮತ್ತೆ ಗುದ್ದಿದೆ, ಮತ್ತೆ ಕೈ ಸೊಂಟಕ್ಕೆ ಹೋಯಿತು, ಮತ್ತೆ ಕೆನ್ನೆಗೆ ಬಿತ್ತು. ಕೋಚ್ ನಿಲ್ಲಿಸಿ, "ಕರಾಟೆ ಎಷ್ಟು ವರ್ಷ ಮೇಡಂ?" ಎಂದು ಕೇಳಿದರು. ಹನ್ನೊಂದು ಅಂದೆ. "ಹಾಗಾದ್ರೆ ಆ ಕೈ ಮೇಲ್ಗಡೆ ನಿಲ್ಲೋಕೆ ಒಂದ್ ವರ್ಷ ಬೇಕು" ಅಂದರು. ಹದಿನಾಲ್ಕು ತಿಂಗಳು ಹಿಡಿಯಿತು.

ಕರಾಟೆಯಲ್ಲಿ ಇದಕ್ಕೆ ಹಿಕಿತೆ ಅನ್ನುತ್ತಾರೆ. ಒಂದು ಕೈ ಗುದ್ದುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳಬೇಕು. ಎದುರಾಳಿಯ ತೋಳು ಹಿಡಿದು ಎಳೆಯುವುದಕ್ಕೂ, ಸೊಂಟ ತಿರುಗಿಸಿ ಗುದ್ದಿಗೆ ಬಲ ಕೊಡುವುದಕ್ಕೂ ಅದು ಬೇಕು. ಕರಾಟೆಯೊಳಗೆ ಅದಕ್ಕೆ ಅರ್ಥವಿದೆ, ಬಾಕ್ಸಿಂಗ್ ರಿಂಗಿನೊಳಗೆ ಅದು ಬಾಗಿಲು ತೆಗೆದಿಟ್ಟ ಮನೆ. ಒಂದು ಕಲೆ ಬಿಟ್ಟು ಇನ್ನೊಂದಕ್ಕೆ ಹೋಗುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಹಳೆಯ ಕಲೆಯನ್ನು ನಾವು ಬಿಟ್ಟು ಬಂದರೂ ಅದು ನಮ್ಮ ಜೊತೆಗೇ ಬಂದಿರುತ್ತದೆ. ಎಲ್ಲಿ ನೆರವಾಗುತ್ತದೆ, ಎಲ್ಲಿ ಕಾಲಿಗೆ ತೊಡರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಇದನ್ನೆಲ್ಲ ಬರೆಯಲು ಕೂತದ್ದು ಚಿಕ್ಕಮಗಳೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗಳಿಂದ. ಎರಡನೇ ಪಿಯುಸಿ. ಹಾಸ್ಟೆಲ್‌ನಲ್ಲಿ ಕೊಡುವ ಆತ್ಮರಕ್ಷಣಾ ತರಬೇತಿಯಲ್ಲಿ ಕರಾಟೆ ಶುರು ಮಾಡಿ, ಆಮೇಲೆ ಹೊರಗೆ ಸೇರಿಕೊಂಡು ಬ್ರೌನ್ ಬೆಲ್ಟ್‌ವರೆಗೆ ಬಂದಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಅಕ್ಕಾ, ಕರಾಟೆ ಸಾಕು ಅನ್ನಿಸ್ತಿದೆ, ಬೇರೆ ಏನ್ ಕಲೀಲಿ? ಯಾವ್ದು ಬೆಸ್ಟು?" ಎಂದು ಕೇಳಿದಳು. ನಾನು ಹಾಸನದಲ್ಲಿ ಆರನೇ ಕ್ಲಾಸಿನಿಂದ ಶೋಟೊಕಾನ್ ಶೈಲಿಯ ಕರಾಟೆ ಕಲಿತವಳು. ಕಾಲೇಜಿನಲ್ಲಿ ಎರಡು ವರ್ಷ ಟೇಕ್ವಾಂಡೊ, ಕೆಲಸಕ್ಕೆ ಸೇರಿದ ಮೇಲೆ ಬಾಕ್ಸಿಂಗ್, ಮೂವತ್ತೈದಕ್ಕೆ ಜೂಡೊ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯಾವುದು ಬೆಸ್ಟು ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಡಿ. ನಿಮ್ಮ ಮೊದಲ ಕಲೆ ನಿಮಗೆ ಯಾವ ದೂರವನ್ನು ಕಲಿಸಿದೆ, ಯಾವ ದೂರದಲ್ಲಿ ಕೈಬಿಟ್ಟಿದೆ ಎಂದು ನೋಡಿಕೊಳ್ಳಿ. ಕಾಲು ಮುಟ್ಟುವಷ್ಟು ದೂರ, ಕೈ ಮುಟ್ಟುವಷ್ಟು ದೂರ, ಬಟ್ಟೆ ಹಿಡಿಯುವಷ್ಟು ಹತ್ತಿರ, ಕೊನೆಗೆ ನೆಲ. ಕರಾಟೆಯವರಿಗೆ ಮೊದಲ ಎರಡು ಗೊತ್ತು. ಯಾರಾದರೂ ಬಂದು ತಬ್ಬಿ ಹಿಡಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಏನೂ ತೋಚುವುದಿಲ್ಲ. ಪೈಲ್ವಾನರಿಗೆ ಇದು ಉಲ್ಟಾ.

ಪಕ್ಕದ ಮನೆ: ಟೇಕ್ವಾಂಡೊ

ಕರಾಟೆಯಿಂದ ಟೇಕ್ವಾಂಡೊಗೆ ಹೋಗುವವರು ನಮ್ಮ ಕಡೆ ಬಹಳ. ಕ್ಲಾಸು ಸುಲಭವಾಗಿ ಸಿಗುತ್ತದೆ, ಬಿಳಿ ಬಟ್ಟೆ, ಬೆಲ್ಟು, ಸಾಲಾಗಿ ನಿಂತು ಎಣಿಸುವುದು ಎಲ್ಲ ಹಾಗೇ ಇರುತ್ತದೆ. ನಂಟು ಇರುವುದೂ ನಿಜ. ಟೇಕ್ವಾಂಡೊ ಎಂಬ ಹೆಸರು ಹುಟ್ಟಿದ್ದೇ 1955ರಲ್ಲಿ. ಅದನ್ನು ಕಟ್ಟಿದ ಕೊರಿಯಾದ ಮೊದಲ ಗುರುಗಳಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತು ಬಂದವರು.

ಈ ಹೋಲಿಕೆಯೇ ತೊಡಕು. ಗೊತ್ತಿರುವುದೇ ಅಂದುಕೊಂಡು ಹೊಸದಕ್ಕೆ ಕಿವಿ ಕೊಡುವುದಿಲ್ಲ. ಶೋಟೊಕಾನ್‌ನಲ್ಲಿ ಉದ್ದಕ್ಕೆ, ತಗ್ಗಿ ನಿಂತು ನೆಲವನ್ನು ಒತ್ತಿ ಹಿಡಿಯುತ್ತೇವೆ. ಟೇಕ್ವಾಂಡೊ ಸ್ಪರ್ಧೆಯಲ್ಲಿ ನಿಲುವು ಎತ್ತರ, ದೇಹ ಅಡ್ಡಕ್ಕೆ ತಿರುಗಿರುತ್ತದೆ, ಪಾದ ಕುಣಿಯುತ್ತಲೇ ಇರಬೇಕು. ನಾವು ಮಾವಾಶಿ ಗೇರಿ ಎಂದು ಮಂಡಿಯನ್ನು ಪಕ್ಕದಿಂದ ತಂದು ಒದೆಯುತ್ತಿದ್ದುದನ್ನು ಅಲ್ಲಿ ಡೊಲ್ಯೊ ಚಾಗಿ ಎಂದು ಮಂಡಿಯನ್ನು ನೇರ ಮುಂದಕ್ಕೆ ಎತ್ತಿ ಕೊನೆಯಲ್ಲಿ ತಿರುಗಿಸುತ್ತಾರೆ. ನೋಡುವವರಿಗೆ ಎರಡೂ ಒಂದೇ. ಒದೆಯುವ ಮಂಡಿಗೆ ಮಾತ್ರ ವ್ಯತ್ಯಾಸ ಗೊತ್ತು. ಮುಖಕ್ಕೆ ಗುದ್ದುವಂತಿಲ್ಲ ಎಂಬ ನಿಯಮದಿಂದಾಗಿ ಅಲ್ಲಿ ಕೈಗಳು ಕೆಳಗಿಳಿದೇ ಇರುತ್ತವೆ. ಆ ಅಭ್ಯಾಸ ಹೊತ್ತು ಆಮೇಲೆ ಬಾಕ್ಸಿಂಗ್‌ಗೆ ಹೋದರೆ ನನ್ನ ಕೆನ್ನೆಯ ಕಥೆಯೇ ನಿಮ್ಮದೂ.

ವಯಸ್ಸು ಇಪ್ಪತ್ತರೊಳಗಿದ್ದು, ಕಾಲು ಸರಾಗವಾಗಿ ಏಳುತ್ತಿದ್ದು, ಪದಕದ ಆಸೆ ಇದ್ದರೆ ಟೇಕ್ವಾಂಡೊ ಒಳ್ಳೆಯ ಆಯ್ಕೆ. ಅದು 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿ ಪೂರ್ಣ ಪದಕದ ಕ್ರೀಡೆ. ಕರಾಟೆಗೆ ಆ ಭಾಗ್ಯ ಟೋಕಿಯೊದಲ್ಲಿ ಒಂದೇ ಸಲ ಸಿಕ್ಕಿತು, ಪ್ಯಾರಿಸ್‌ನಲ್ಲಿ ಇರಲಿಲ್ಲ. ಮೂವತ್ತು ದಾಟಿ ಮಂಡಿ ನೋವು ಶುರುವಾಗಿದ್ದರೆ, ಕರಾಟೆ ಬಿಟ್ಟು ಟೇಕ್ವಾಂಡೊಗೆ ಹೋಗಬೇಡಿ ಎಂದೇ ಹೇಳುತ್ತೇನೆ. ಅದೇ ದೂರ, ಅದೇ ಪ್ರಶ್ನೆ, ಮಂಡಿಗೆ ಮಾತ್ರ ಹೆಚ್ಚಿನ ತಿರುಚು.

ಗ್ಲೌಸ್ ತೊಡುವವರಿಗೆ

ಕುಮಿತೆಯಲ್ಲಿ, ಅಂದರೆ ಕರಾಟೆಯ ಎದುರುಬದುರು ಕಾದಾಟದಲ್ಲಿ, ಪಾಯಿಂಟ್ ಬಿದ್ದ ಕೂಡಲೇ ರೆಫರಿ "ಯಾಮೆ" ಅನ್ನುತ್ತಾರೆ, ಇಬ್ಬರೂ ಜಾಗಕ್ಕೆ ಮರಳುತ್ತೇವೆ. ವರ್ಷಗಟ್ಟಲೆ ಹೀಗೆ ಆಡಿದ ಮೈಗೆ ಒಂದು ಏಟು ತಾಗಿಸಿದ ಮೇಲೆ ಒಂದು ಕ್ಷಣ ನಿಲ್ಲುವ ಚಾಳಿ ಬೀಳುತ್ತದೆ. ಬಾಕ್ಸಿಂಗ್‌ನಲ್ಲಿ ಮೂರು ನಿಮಿಷದ ಸುತ್ತಿನಲ್ಲಿ ಯಾರೂ ನಿಲ್ಲಿಸುವುದಿಲ್ಲ. ನೀವು ನಿಂತ ಆ ಕ್ಷಣದಲ್ಲೇ ಎದುರಾಳಿಯ ಎರಡನೇ, ಮೂರನೇ ಗುದ್ದು ಬರುತ್ತದೆ. ಉಸಿರು ಕಾಯ್ದುಕೊಳ್ಳುವುದು, ತಲೆ ಅಲುಗಿಸುವುದು, ಏಟು ಬೀಳುತ್ತಿರುವಾಗಲೂ ಕಣ್ಣು ಮುಚ್ಚದಿರುವುದು, ಇವನ್ನು ಬಾಕ್ಸಿಂಗ್‌ನಷ್ಟು ಬೇಗ ಇನ್ಯಾವುದೂ ಕಲಿಸಲಿಲ್ಲ ನನಗೆ.

ಹಾಗೆಂದು ಕರಾಟೆಯ ದೂರ ವ್ಯರ್ಥವಲ್ಲ. ಥಟ್ಟನೆ ಒಳನುಗ್ಗಿ ಹೊಡೆದು ಹೊರಬರುವ ಲೆಕ್ಕ ಬಾಕ್ಸಿಂಗ್ ಮಾತ್ರ ಕಲಿತವರಿಗೆ ಅರ್ಥವಾಗಲು ಹೊತ್ತು ಹಿಡಿಯುತ್ತದೆ. ಶೋಟೊಕಾನ್ ಬೇರಿನ ಬ್ರೆಜಿಲ್‌ನ ಲಿಯೊಟೊ ಮಚಿಡಾ 2009ರಲ್ಲಿ ಯುಎಫ್‌ಸಿ (ಎಲ್ಲ ಕಲೆಗಳೂ ಬೆರೆತ ಕಾದಾಟದ ಸ್ಪರ್ಧೆ) ಚಾಂಪಿಯನ್ ಆದದ್ದು ಈ ಲೆಕ್ಕದ ಮೇಲೆಯೇ.

ಒದೆಯುವುದನ್ನು ಬಿಡಲು ಮನಸ್ಸಿಲ್ಲದವರಿಗೆ ಕಿಕ್ ಬಾಕ್ಸಿಂಗ್ ಅಥವಾ ಮುಯ್ ಥಾಯ್ ಇದೆ. ಮುಯ್ ಥಾಯ್‌ನಲ್ಲಿ ಮೊಣಕೈ, ಮಂಡಿ, ಕುತ್ತಿಗೆ ಹಿಡಿದು ಸೆಣಸುವ ಕ್ಲಿಂಚ್ ಕೂಡ ಸೇರುತ್ತವೆ. ಇಲ್ಲಿ ಬೇರೆ ಪಾಠ ಕಾದಿದೆ: ನಮ್ಮ ಉದ್ದನೆಯ ನಿಲುವಿನಲ್ಲಿ ಭಾರವೆಲ್ಲ ಮುಂಗಾಲ ಮೇಲಿರುತ್ತದೆ, ತೊಡೆಗೆ ಬೀಳುವ ಒದೆಗೆ ಅದೇ ಗುರಿ. ಬಾಕ್ಸಿಂಗ್‌ನಿಂದ ಮುಯ್ ಥಾಯ್‌ಗೆ ಹೋಗುವವರು ತಲೆ ಬಗ್ಗಿಸಿ ತಪ್ಪಿಸಿಕೊಳ್ಳುವ ಅಭ್ಯಾಸ ಬಿಡಬೇಕು, ಬಗ್ಗಿದ ಮುಖಕ್ಕೆ ಎದುರಾಳಿಯ ಮಂಡಿ ಬರುತ್ತದೆ. ತಿರುಗಿ ಬರುವವರೂ ಇದ್ದಾರೆ. ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್ ಮುಯ್ ಥಾಯ್‌ನಿಂದ ಶುರು ಮಾಡಿ ಬಾಕ್ಸಿಂಗ್‌ಗೆ ಬಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು.

ಖರೀದಿಯ ಬಗ್ಗೆ ಒಂದು ಮಾತು. ಸ್ಪಾರಿಂಗ್‌ಗೆ (ಅಭ್ಯಾಸದ ಕಾದಾಟಕ್ಕೆ) 14 ಅಥವಾ 16 ಔನ್ಸ್ ಗ್ಲೌಸ್ ಬೇಕು, ಕೈಪಟ್ಟಿ ಬೇಕು, ಹಲ್ಲಿನ ಗಾರ್ಡ್ ಬೇಕೇ ಬೇಕು. ಮೊದಲ ಆರು ತಿಂಗಳಲ್ಲೇ ಪ್ರತಿ ವಾರ ತಲೆಗೆ ಜೋರಾಗಿ ಹೊಡೆಸುವ ಕ್ಲಾಸಾದರೆ ಮನೆಗೆ ಬನ್ನಿ. ತಲೆಗೆ ಬಿದ್ದ ಏಟು ಮೈಕೈ ನೋವಿನ ಹಾಗೆ ಎಣ್ಣೆ ತಿಕ್ಕಿದರೆ ಹೋಗುವಂಥದ್ದಲ್ಲ.

ಜೂಡೊ: ಬೀಳುವುದನ್ನು ಕಲಿಯುವುದು

ಕರಾಟೆ, ಟೇಕ್ವಾಂಡೊ, ಬಾಕ್ಸಿಂಗ್ ಯಾವುದೇ ಕಲಿತಿರಲಿ, ಎರಡನೆಯದು ಯಾವುದು ಎಂದು ನನ್ನನ್ನು ಕೇಳಿದರೆ ಮೊದಲು ಬರುವ ಹೆಸರು ಜೂಡೊ. ಕಾರಣ ಸರಳ: ನಾವು ಹೆಚ್ಚಿನವರು ಜೀವನದಲ್ಲಿ ಹೊಡೆದಾಡುವುದು ಒಂದು ಸಲವೂ ಇಲ್ಲದಿರಬಹುದು, ಬೀಳುವುದು ಮಾತ್ರ ಖಂಡಿತ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ, ಬಚ್ಚಲಲ್ಲಿ, ತೋಟದ ಇಳಿಜಾರಿನಲ್ಲಿ.

ಜಿಗೊರೊ ಕಾನೊ ಅವರು ಜಪಾನಿನ ಹಳೆಯ ಕಾಳಗದ ವಿದ್ಯೆ ಜುಜುತ್ಸುವಿನ ಅಪಾಯದ ಪಟ್ಟುಗಳನ್ನು ಸೋಸಿ, ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದಾದ ರೂಪ ಕೊಟ್ಟು 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ತೆರೆದರು. 1964ರಲ್ಲಿ ಅದು ಒಲಿಂಪಿಕ್ಸ್‌ಗೆ ಬಂತು, 1972ರಿಂದ ಎಡೆಬಿಡದೆ ಇದೆ, ಹೆಂಗಸರ ಪದಕ ಸ್ಪರ್ಧೆ 1992ರಿಂದ. ಪೂರ್ತಿ ಬಲ ಹಾಕಬಹುದು ಅನ್ನುವುದೇ ಕರಾಟೆಯಿಂದ ಬಂದವರಿಗೆ ದೊಡ್ಡ ಅಚ್ಚರಿ. ನಾವು ಹನ್ನೊಂದು ವರ್ಷ ಗುದ್ದನ್ನು ಮುಖದಿಂದ ಒಂದು ಬೆರಳು ದೂರದಲ್ಲಿ ನಿಲ್ಲಿಸಿದವರು. ಇಲ್ಲಿ ನಿಜವಾಗಿ ಎತ್ತುತ್ತಾರೆ, ನಿಜವಾಗಿ ಒಗೆಯುತ್ತಾರೆ.

ನನ್ನ ಮೊದಲ ದಿನ ಹದಿನಾರು ವರ್ಷದ ಹುಡುಗಿಯೊಬ್ಬಳು ನನ್ನ ತೋಳಿನ ಬಟ್ಟೆಯನ್ನೂ ಎದೆಯ ಮೇಲಿನ ಪಟ್ಟಿಯನ್ನೂ ಹಿಡಿದಳು. ನಾನು ಗಟ್ಟಿಯಾಗಿ ತಗ್ಗಿ ನಿಂತೆ, ಕರಾಟೆಯಲ್ಲಿ ಹೊಗಳಿಸಿಕೊಂಡ ನಿಲುವು ಅದು. ಅವಳಿಗೆ ಬೇಕಾದದ್ದೂ ಅದೇ. ಅಲುಗಾಡದ ಕಾಲನ್ನು ಹಿಂದಿನಿಂದ ಕೊಯ್ದು ಹಾಕಿದಂತೆ ಒಂದು ಒಸೊಟೊ ಗಾರಿ, ನಾನು ಅಂಗಾತ. ಬೀಳುವಾಗ ನನ್ನ ಕೈ ನೆಲಕ್ಕೆ ಊರಲು ಹಿಂದಕ್ಕೆ ಹೋಯಿತು. ಅದೇ ತಪ್ಪು. ಚಾಚಿದ ಕೈ ಮೇಲೆ ಬಿದ್ದರೆ ಮಣಿಕಟ್ಟು ಹೋಗುತ್ತದೆ, ಇಲ್ಲವೇ ಭುಜ. ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ತೋಳಿನಿಂದ ಅಂಗೈವರೆಗೆ ಒಟ್ಟಿಗೆ ಮ್ಯಾಟನ್ನು ಬಡಿದು ಏಟನ್ನು ಹಂಚಬೇಕು. ಇದಕ್ಕೆ ಉಕೆಮಿ ಅನ್ನುತ್ತಾರೆ. ಮೊದಲ ಎರಡು ಮೂರು ತಿಂಗಳು ಇದನ್ನೇ ಮಾಡಿಸುವ ಗುರು ಸಿಕ್ಕಿದರೆ ಅವರನ್ನು ಬಿಡಬೇಡಿ. ಬೇಸರವಾಗುತ್ತದೆ, ಸಹಿಸಿಕೊಳ್ಳಿ.

ಮ್ಯಾಟು ಮುಟ್ಟಿ ನೋಡದೆ ಸೇರಬೇಡಿ. ಜೂಡೊಗೆ ಹಾಸುವ ತತಾಮಿ ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರ್ ದಪ್ಪ, ಒತ್ತಾಗಿರುತ್ತದೆ. ಕರಾಟೆ ಕ್ಲಾಸಿನ ತೆಳು ಜಿಗ್ಸಾ ಮ್ಯಾಟು ನಿಂತು ಒದೆಯಲು ಸಾಕು, ಎತ್ತಿ ಒಗೆಯಲು ಸಾಲದು. ನಾನು ಜೂಡೊ ಹುಡುಕುತ್ತಿದ್ದಾಗ ಮೊದಲು ಹೋದ ಜಾಗದಲ್ಲಿ ಸಿಮೆಂಟ್ ನೆಲದ ಮೇಲೆ ಅಂಥ ತೆಳು ಮ್ಯಾಟನ್ನೇ ಹಾಕಿ ಒಗೆಯಿಸುತ್ತಿದ್ದರು. ಎರಡನೇ ವಾರದಲ್ಲಿ ಬಲಭುಜ ಹಿಡಿದುಕೊಂಡಿತು, ನಾಲ್ಕು ತಿಂಗಳು ಜಡೆ ಹಾಕಿಕೊಳ್ಳಲು ಆಗಲಿಲ್ಲ. ಇವತ್ತಿಗೂ ಚಳಿಗೆ ಆ ಭುಜ ನೆನಪು ಮಾಡುತ್ತದೆ.

ಮಲೆನಾಡಿನವರಿಗಷ್ಟೇ ಇರುವ ಒಂದು ಕಷ್ಟ ಹೇಳಲೇಬೇಕು. ಜೂಡೊ ಬಟ್ಟೆ ದಪ್ಪ ನೇಯ್ಗೆಯದು, ಕರಾಟೆ ಬಟ್ಟೆಗಿಂತ ಬಲು ಭಾರ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದರೆ ನಾಲ್ಕು ದಿನವಾದರೂ ಕೊರಳಪಟ್ಟಿ ಒಣಗುವುದಿಲ್ಲ, ಬೂಷ್ಟು ಬರುತ್ತದೆ. ಎರಡು ಜೊತೆ ಇಟ್ಟುಕೊಳ್ಳಿ. ಚಿಕ್ಕಮ್ಮನ ಮನೆಯಲ್ಲಾದರೆ ಬಚ್ಚಲ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬಹುದು. ಹೊಗೆ ವಾಸನೆ ಬರುತ್ತದೆ, ಬರಲಿ, ಹಸಿ ಬಟ್ಟೆಯಿಂದ ಬರುವ ಹುಳುಕಡ್ಡಿಗಿಂತ ವಾಸಿ.

ಗರಡಿ, ಮತ್ತು ಮ್ಯಾಟ್ ಕುಸ್ತಿ

ಶ್ರವಣಬೆಳಗೊಳ ನಮ್ಮ ಜಿಲ್ಲೆಯದೇ. ಭರತ ಬಾಹುಬಲಿಯರ ಕಥೆ ಕೇಳದೆ ಬೆಳೆದವರು ಇಲ್ಲಿ ಯಾರಿದ್ದಾರೆ? ದೃಷ್ಟಿಯುದ್ಧ, ಜಲಯುದ್ಧ ಎರಡೂ ಮುಗಿದ ಮೇಲೆ ಮಲ್ಲಯುದ್ಧ. ಬಾಹುಬಲಿ ಅಣ್ಣನನ್ನು ಎತ್ತಿಹಿಡಿದು, ನೆಲಕ್ಕೆ ಅಪ್ಪಳಿಸದೆ ನಿಂತ ಗಳಿಗೆಯನ್ನು ಅಜ್ಜಿ ಹೇಳುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಎತ್ತಬಲ್ಲವನಿಗೆ ಮಾತ್ರ ಮೆಲ್ಲಗೆ ಇಳಿಸಲೂ ಬರುತ್ತದೆ ಎಂದು ಜೂಡೊ ಕಲಿತ ಮೇಲೆ ಗೊತ್ತಾಯಿತು.

ಹಳೇ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ದಂಡೆ, ಬಸ್ಕಿ, ಗದೆ, ಹನುಮಂತನ ಪೂಜೆ, ಎಲ್ಲ ಸೇರಿ ಒಂದು ಜೀವನಕ್ರಮ. ಜಾತ್ರೆಯ ನಾಡಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಮ್ಯಾಟ್ ಕುಸ್ತಿ ಬೇರೆ: ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟ್, ತೂಕದ ವಿಭಾಗ. ಗಟ್ಟಿತನಕ್ಕೆ ಗರಡಿಯನ್ನು ಮೀರಿಸಿದ್ದು ನಾನು ಕಂಡಿಲ್ಲ. ಆದರೆ ಗರಡಿಮನೆ ಸಂಪ್ರದಾಯದಲ್ಲಿ ಗಂಡಸರ ಜಾಗ. ಹೆಣ್ಣುಮಕ್ಕಳಿಗೆ ಮ್ಯಾಟ್ ಕುಸ್ತಿಯೇ ದಾರಿ. ಹೆಂಗಸರ ಕುಸ್ತಿ 2004ರಲ್ಲಿ ಒಲಿಂಪಿಕ್ಸ್‌ಗೆ ಬಂತು, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಕುಸ್ತಿಯಿಂದ ಜೂಡೊಗೆ ಬರುವ ಹುಡುಗರಿಗೆ ಒಂದು ಎಚ್ಚರಿಕೆ: ಅಂತಾರಾಷ್ಟ್ರೀಯ ಜೂಡೊ ನಿಯಮಗಳು 2010ರಿಂದ ಕಾಲಿಗೆ ಕೈ ಹಾಕುವುದನ್ನು ನಿರ್ಬಂಧಿಸುತ್ತ ಬಂದಿವೆ. ನಿಮ್ಮ ಕೈ ಮೊದಲು ಹೋಗುವುದೇ ಕಾಲಿಗೆ, ಆ ಚಾಳಿ ಬಿಡಿಸಲು ತಿಂಗಳುಗಳು ಬೇಕು.

ಬ್ರೆಜಿಲಿಯನ್ ಜಿಯು-ಜಿತ್ಸು

ಇದು ಜೂಡೊದ ದಾಯಾದಿ. ಮಿತ್ಸುಯೊ ಮಾಯೆದಾ ಎಂಬ ಜೂಡೊ ಪಟು 1914ರಲ್ಲಿ ಬ್ರೆಜಿಲ್‌ಗೆ ಹೋದರು, ಅವರಿಂದ ಗ್ರೇಸಿ ಮನೆತನಕ್ಕೆ ವಿದ್ಯೆ ದಾಟಿತು. ಜೂಡೊದಲ್ಲಿ ನೆಲದ ಸೆಣಸಾಟಕ್ಕೆ ಸಮಯ ಕಡಿಮೆ. ಇಲ್ಲಿ ಎಲ್ಲ ನಡೆಯುವುದೇ ನೆಲದ ಮೇಲೆ. ಕೀಲು ತಿರುಚಿ ಅಥವಾ ಕತ್ತು ಬಿಗಿದು ಎದುರಾಳಿ ಕೈತಟ್ಟಿ ಸೋಲೊಪ್ಪುವಂತೆ ಮಾಡಬೇಕು. ತಲೆಗೆ ಏಟಿಲ್ಲ, ಮೇಲಿಂದ ಬೀಳುವುದು ಕಡಿಮೆ, ಹಾಗಾಗಿ ನಲವತ್ತರ ನಂತರವೂ ಶುರು ಮಾಡಬಹುದು. ಬೆರಳು, ಮೊಣಕೈ, ಕತ್ತು ಮಾತ್ರ ಜೋಪಾನ.

ಕುಸ್ತಿಯವರಿಗೆ ಇಲ್ಲೊಂದು ಸ್ವಾರಸ್ಯದ ತೊಡಕಿದೆ. ಬೆನ್ನು ನೆಲಕ್ಕೆ ತಾಗಿದರೆ ಸೋತೆ ಎಂದು ಮೈಗೆ ಕಲಿಸಿರುವುದರಿಂದ ಅವರು ಕೂಡಲೇ ಬೋರಲಾಗುತ್ತಾರೆ. ಜಿಯು-ಜಿತ್ಸುವಿನಲ್ಲಿ ಬೋರಲಾಗುವುದೆಂದರೆ ಎದುರಾಳಿಗೆ ಬೆನ್ನು ಕೊಟ್ಟಂತೆ, ಮುಂದಿನ ಕ್ಷಣ ಕತ್ತಿಗೆ ತೋಳು ಬೀಳುತ್ತದೆ. ಇಲ್ಲಿ ಅಂಗಾತ ಮಲಗಿ ಕಾಲುಗಳಿಂದ ಕಾದುವುದೇ ಒಂದು ವಿದ್ಯೆ. ಬ್ಲ್ಯಾಕ್ ಬೆಲ್ಟ್‌ಗೆ ಹತ್ತು ವರ್ಷ ಹಿಡಿಯುವುದು ಸಾಮಾನ್ಯ.

ನಾನು ಹುಡುಕುವಾಗ ಹಾಸನದಲ್ಲಿ ನನಗೆ ಇದು ಸಿಗಲಿಲ್ಲ. ಮೈಸೂರಿಗೋ ಬೆಂಗಳೂರಿಗೋ ವಾರಕ್ಕೊಮ್ಮೆ ರೈಲು ಹತ್ತುವ ಯೋಚನೆ ಮಾಡಿ, ಮೂರು ತಿಂಗಳು ನಡೆಸಿ, ಕೈಬಿಟ್ಟೆ. ವಾರಕ್ಕೊಂದು ಕ್ಲಾಸಿನಲ್ಲಿ ಮೈ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಮನೆಯಿಂದ ಅರ್ಧ ಗಂಟೆಯೊಳಗೆ, ವಾರಕ್ಕೆ ಮೂರು ದಿನ ಹೋಗಬಹುದಾದ ಸಾಧಾರಣ ಕ್ಲಾಸು ದೂರದ ದೊಡ್ಡ ಕ್ಲಾಸಿಗಿಂತ ಮೇಲು.

ಕಳರಿಪಯಟ್ಟು, ವುಶು

ಚೀನಾದ ವುಶುವಿನ ಸಾಂಡಾ ವಿಭಾಗದಲ್ಲಿ ಗುದ್ದು, ಒದೆ, ಎತ್ತಿ ಒಗೆಯುವುದು ಮೂರೂ ಇವೆ, ನೆಲದ ಸೆಣಸಾಟ ಇಲ್ಲ. ಕರಾಟೆಯ ಒದೆ ಉಳಿಸಿಕೊಂಡು ಹಿಡಿತ ಕಲಿಯಲು ಹದವಾದ ನಡುದಾರಿ. ಕೇರಳದ ಕಳರಿಯ ಮಾತೇ ಬೇರೆ. ಮೊದಲು ಮೈ ಪಳಗಿಸುವ ಮೆಯ್ತಾರಿ, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ, ಎಲ್ಲ ಆದ ಮೇಲೆ ಬರಿಗೈ. ಕರಾಟೆಯಲ್ಲಿ ಬರಿಗೈಯಿಂದ ಶುರು ಮಾಡಿದ ನಮಗೆ ಈ ಕ್ರಮ ತಲೆಕೆಳಗು ಅನ್ನಿಸುತ್ತದೆ. ಸ್ಪರ್ಧೆಗೆಂದೋ ಆರು ತಿಂಗಳ ಆತ್ಮರಕ್ಷಣೆಗೆಂದೋ ಹೋಗಬೇಡಿ. ಬಿಗಿದುಹೋದ ಸೊಂಟ ಸಡಿಲವಾಗಬೇಕು, ನಿಧಾನವಾಗಿ ವರ್ಷಗಟ್ಟಲೆ ಕಲಿಯುತ್ತೇನೆ ಅನ್ನುವವರಿಗೆ ಅದು.

ಸೇರುವ ಮೊದಲು

ಜಿಲ್ಲಾ ಕ್ರೀಡಾಂಗಣದಲ್ಲಿರುವ ಕ್ರೀಡಾ ಇಲಾಖೆಯ ಕಚೇರಿಯಲ್ಲಿ ಏನೇನು ಕಲಿಸುತ್ತಾರೆ ಎಂದು ಒಮ್ಮೆ ವಿಚಾರಿಸಿ. ಖಾಸಗಿ ಕ್ಲಾಸಾದರೆ ಒಂದು ಪೂರ್ತಿ ತರಗತಿ ಕೂತು ನೋಡಿ. ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಹೇಗೆ ಹಿಡಿಯುತ್ತಾರೆ, ಹೇಗೆ ಇಳಿಸುತ್ತಾರೆ ಎಂಬುದರಲ್ಲಿ ಮಾಸ್ಟರ್ ಯಾರೆಂದು ಗೊತ್ತಾಗುತ್ತದೆ. ನೋಡಲು ಬಿಡದ ಜಾಗಕ್ಕೆ ಸೇರಬೇಡಿ. ಬೆಲ್ಟ್ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ, ಫೀಸ್ ಎಷ್ಟು, ಸರ್ಟಿಫಿಕೇಟ್ ಯಾವ ಸಂಸ್ಥೆಯದು ಎಂದು ಸಂಕೋಚವಿಲ್ಲದೆ ಕೇಳಿ.

ಹಳೆಯ ಬೆಲ್ಟನ್ನು ಬೀರುವಿನಲ್ಲಿಡಿ. ನಾನು ಇಷ್ಟು ವರ್ಷ ಕರಾಟೆ ಕಲಿತಿದ್ದೇನೆ ಎಂದು ಮಾಸ್ಟರ್‌ಗೆ ಒಂದು ಸಲ ಹೇಳಿ, ಅವರಿಗೆ ಅದು ಗೊತ್ತಿರಬೇಕು. ಆಮೇಲೆ ಅದರ ಸುದ್ದಿ ಎತ್ತದೆ ಬಿಳಿ ಬೆಲ್ಟ್ ಕಟ್ಟಿ ಸಾಲಿನ ಕೊನೆಗೆ ನಿಲ್ಲಿ. ನನಗೆ ಮೊದಲ ತಿಂಗಳು ಇದು ನೋವು ಕೊಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಹಳೆಯದನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ನಾನು ಭಾನುವಾರ ಬೆಳಿಗ್ಗೆ ಈಗಲೂ ತಾರಸಿಯಲ್ಲಿ ಹೈಯಾನ್ ಕಟಾಗಳನ್ನು, ಅಂದರೆ ಕರಾಟೆಯ ಒಂಟಿ ವರಸೆಗಳನ್ನು, ಮಾಡುತ್ತೇನೆ, ಅಲ್ಲಿ ಎಡಗೈ ಸೊಂಟಕ್ಕೆ ಹೋದರೆ ಯಾರೂ ಕೇಳುವುದಿಲ್ಲ.

ತಂಗಿಗೆ ಜೂಡೊ ಎಂದೇ ಹೇಳಿದೆ. ಒದೆಯುವುದು ಅವಳಿಗೆ ಪ್ರಾಣ, ಹಾಗಾಗಿ ಜೂಡೊ ಹತ್ತಿರದಲ್ಲಿ ಸಿಗದಿದ್ದರೆ ಸಾಂಡಾ. ಬರುವ ಶನಿವಾರ ಒಂದು ಕ್ಲಾಸು ನೋಡಲು ಹೊರಟಿದ್ದಾಳೆ. ಕೈ ಕಾಲಿನ ಉಗುರು ಕತ್ತರಿಸಿಕೋ, ಓಲೆ ಬಳೆ ತೆಗೆದಿಟ್ಟು ಹೋಗು, ಜಡೆಗೆ ಕ್ಲಿಪ್ ಹಾಕಬೇಡ ರಬ್ಬರ್ ಬ್ಯಾಂಡ್ ಹಾಕು ಎಂದೆ. "ಮ್ಯಾಟ್ ಒತ್ತಿ ನೋಡ್ಬೇಕಲ್ವಾ ಅಕ್ಕಾ?" ಅಂದಳು. ಹೆಬ್ಬೆರಳಿನಲ್ಲಲ್ಲ, ಹಿಮ್ಮಡಿಯಲ್ಲಿ ಒತ್ತಿ ನೋಡು ಅಂದೆ. ಕೆಳಗಿನ ಸಿಮೆಂಟು ಹಿಮ್ಮಡಿಗೆ ತಗುಲಿದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬಾ.